ಶೀಘ್ರಮೇವ ಕಲ್ಯಾಣಮಸ್ತು

ಮೊನ್ನೆ ಸಿಂಧನೂರು ಬಸ್ ಸ್ಟ್ಯಾಂಡ್ ಹತ್ತಿರ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡೆ. ಊರಿಗೆ ಬಂದು ಬಿಚ್ಚಿದರೆ ಹಾಳೆಯ ಮೇಲೆ ಸುದ್ದಿ: 'ಜಿ.ಪಂ., ತಾ.ಪಂ. ಚುನಾವಣೆ ಶೀಘ್ರ'. ಕೊನೆಗೂ ಬಂತಲ್ಲ ಅಂತ ಖುಷಿಯಾಯಿತು. ಮಿರ್ಚಿ ಸರಿಸಿ, ಎಣ್ಣೆ ಒರೆಸಿ ತಾರೀಖು ನೋಡಿದೆ. ಎರಡು ವರ್ಷ ಹಳೇ ಪೇಪರು. ಪಕ್ಕದಲ್ಲೇ ಅವತ್ತಿನ ಪೇಪರೂ ಬಿದ್ದಿತ್ತು. ಅದರಲ್ಲೂ ಅದೇ ಸುದ್ದಿ. ತಲೆಬರಹದ ಒಂದು ಕೊಂಬು, ಒಂದು ಒತ್ತಕ್ಷರ ಕೂಡ ಬದಲಾಗಿಲ್ಲ. ಎರಡರಲ್ಲಿ ಒಂದಕ್ಕೆ ಮಿರ್ಚಿ ವಾಸನೆ ಇತ್ತು, ಅಷ್ಟೇ ವ್ಯತ್ಯಾಸ.

ಮದುವೆಯಾಗದ ಮಕ್ಕಳು ಕಾಲಿಗೆ ಬಿದ್ದರೆ ನಮ್ಮ ಹಿರಿಯರು 'ಶೀಘ್ರಮೇವ ಕಲ್ಯಾಣಮಸ್ತು' ಅನ್ನುತ್ತಾರೆ. ಗಂಡು ಯಾರು, ಮುಹೂರ್ತ ಯಾವಾಗ ಅಂತ ಅವರನ್ನು ಯಾರೂ ಕೇಳುವುದಿಲ್ಲ. ಆಶೀರ್ವಾದಕ್ಕೆ ಗ್ಯಾರಂಟಿ ಇರಲ್ಲ. ಸರ್ಕಾರವೂ ಹಾಗೇ. 2019ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೈದರಾಬಾದ್ ಕರ್ನಾಟಕಕ್ಕೆ 'ಕಲ್ಯಾಣ ಕರ್ನಾಟಕ' ಅಂತ ಹೆಸರಿಟ್ಟಿತು. ಅಲ್ಲಿಗೆ ಕಲ್ಯಾಣ ಆಯಿತು. 'ಶೀಘ್ರಮೇವ' ಒಂದು ಬಾಕಿ ಇತ್ತು. ಅದನ್ನು ಈಗ ವರ್ಷಕ್ಕೆ ನಾಲ್ಕು ಸಲ ಪೇಪರಿನಲ್ಲಿ ಕೊಡುತ್ತಿದ್ದಾರೆ.

ಮರೆತವರಿಗೆ ಒಂದು ಮಾತು. ಮರೆತಿದ್ದರೆ ನಿಮ್ಮ ತಪ್ಪೂ ಅಲ್ಲ ಬಿಡಿ. ಜಿಲ್ಲಾ ಪಂಚಾಯಿತಿಗೆ, ತಾಲ್ಲೂಕು ಪಂಚಾಯಿತಿಗೆ ನಾವು ಕೊನೆಯ ಸಲ ವೋಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. ಐದು ವರ್ಷದ ಅವಧಿ 2021ರಲ್ಲಿ ಮುಗಿಯಿತು. ಸಂವಿಧಾನದ 243ಇ ವಿಧಿ ಹೇಳುವುದು ಇಷ್ಟೇ: ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅದು ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿದಿರಬೇಕು. ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ನಮ್ಮ ಸರ್ಕಾರ ಆ ವಿಧಿಯಲ್ಲಿ ಅರ್ಧ ಮಾತ್ರ ಓದಿಕೊಂಡಿತು. ಐದು ವರ್ಷ ಆದ ಮೇಲೆ ಸದಸ್ಯರನ್ನು ಒಂದು ದಿನವೂ ಜಾಸ್ತಿ ಇಟ್ಟುಕೊಳ್ಳದೆ ಮನೆಗೆ ಕಳಿಸಿತು. ಉಳಿದರ್ಧ ಓದಲು ಕನ್ನಡಕ ಹುಡುಕುತ್ತಿದೆ.

ಕಾರಣಗಳಿಗೇನು ಬರವೇ? ಮೊದಲು ಕೋವಿಡ್ ಅಂದರು. ಒಪ್ಪಿದೆವು. ರಾಜ್ಯ ಚುನಾವಣಾ ಆಯೋಗ ಅಷ್ಟೊತ್ತಿಗೆ ಕ್ಷೇತ್ರಗಳ ಗಡಿ ಗೀಚಿಟ್ಟುಕೊಂಡು ತಯಾರಾಗಿತ್ತು. ಅಷ್ಟು ತಯಾರಾದರೆ ಹೇಗೆ ಅಂತ ಸರ್ಕಾರ 2021ರಲ್ಲಿ ಕಾಯ್ದೆಗೇ ತಿದ್ದುಪಡಿ ತಂದು ಆ ಕೆಲಸ ಕಿತ್ತುಕೊಂಡಿತು. ಬೇರೆ ಆಯೋಗ ಮಾಡಿ ಮತ್ತೆ ಮೊದಲಿಂದ ಅಳೆಯಲು ಕೂರಿಸಿತು. ಆಮೇಲೆ ಮೀಸಲಾತಿ ಪಟ್ಟಿ. ಆಮೇಲೆ ಕೋರ್ಟು. ಆಮೇಲೆ ವಿಧಾನಸಭೆ ಚುನಾವಣೆ ಬಂತು, ಲೋಕಸಭೆ ಚುನಾವಣೆ ಬಂತು. ಅವೆರಡೂ ಟೈಮಿಗೆ ಸರಿಯಾಗಿ ನಡೆದವು ನೋಡಿ. ಅದೇ ಊರು, ಅದೇ ಶಾಲೆಯ ಅದೇ ಬೂತು, ಶಾಯಿ ಹಚ್ಚುವ ಅದೇ ಮೇಷ್ಟ್ರು. ಶಾಸಕರನ್ನು, ಸಂಸದರನ್ನು ಆರಿಸುವಾಗ ನಮ್ಮೂರಿಗೆ ಗಡಿ ಇತ್ತು. ಜಿಲ್ಲಾ ಪಂಚಾಯಿತಿ ಸದಸ್ಯರನ್ನು ಆರಿಸಬೇಕು ಅಂದ ಕೂಡಲೇ ನಮ್ಮೂರು ಎಲ್ಲಿದೆ ಅಂತ ಹುಡುಕಬೇಕಾಗುತ್ತೆ.

2022ರ ಡಿಸೆಂಬರ್‌ನಲ್ಲಿ ಹೈಕೋರ್ಟಿಗೂ ಸಿಟ್ಟು ಬಂತು. ತಡ ಮಾಡಿದ್ದಕ್ಕೆ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಸುದ್ದಿ ಓದಿ ನಮ್ಮ ಕಟ್ಟೆಯ ಮೇಲೆ ಚಪ್ಪಾಳೆ ಬಿತ್ತು. ಆಮೇಲೆ ಒಬ್ಬ ಹುಡುಗ ಮೆಲ್ಲಗೆ ಕೇಳಿದ: "ಕಾಕಾ, ಆ ಐದು ಲಕ್ಷ ಯಾರ ಕಿಸೇದಾಗಿಂದ ಕಟ್ತಾರ?" ಚಪ್ಪಾಳೆ ನಿಂತಿತು. ವೋಟು ನಮ್ಮದು ಹೋಯಿತು, ದಂಡವೂ ನಮ್ಮದೇ ಹೋಯಿತು.

ನನಗೆ ನಿಜಕ್ಕೂ ಪಾಪ ಅನ್ನಿಸುವುದು ನಮ್ಮ ಆಕಾಂಕ್ಷಿಯನ್ನು ನೋಡಿ. ಆಕಾಂಕ್ಷಿ ಅನ್ನುವುದು ಈಗ ನಮ್ಮ ಕಡೆ ಒಂದು ಹುದ್ದೆ. ಫ್ಲೆಕ್ಸಿನಲ್ಲಿ ಹೆಸರಿನ ಕೆಳಗೆ 'ಜಿ.ಪಂ. ಆಕಾಂಕ್ಷಿ' ಅಂತ ಹಾಕಿಸುತ್ತಾರೆ, ಡಾಕ್ಟರು ಎಂಬಿಬಿಎಸ್ ಅಂತ ಹಾಕಿಸಿದ ಹಾಗೆ. ನಮ್ಮೂರ ಆಕಾಂಕ್ಷಿ 2021ರಲ್ಲಿ ಮೊದಲ ಫ್ಲೆಕ್ಸ್ ಕಟ್ಟಿದಾಗ ಕಪ್ಪು ಕೂದಲು, ಸಣ್ಣ ಸೊಂಟ, ಕೈಯಲ್ಲಿ ಮೊಬೈಲ್. ಪ್ರತಿ ಯುಗಾದಿ, ಪ್ರತಿ ಮೊಹರಂ, ಪ್ರತಿ ಗಣೇಶನಿಗೆ ಹೊಸ ಫ್ಲೆಕ್ಸ್. ಸಾಲಾಗಿ ಇಟ್ಟು ನೋಡಿದರೆ ಮನುಷ್ಯನಿಗೆ ವಯಸ್ಸಾಗುವುದು ಹೇಗೆ ಅಂತ ಮಕ್ಕಳಿಗೆ ಪಾಠ ಮಾಡಬಹುದು.

ಮೂರನೇ ವರ್ಷದ ಫ್ಲೆಕ್ಸಿನಲ್ಲಿ ಅವರ ಹೆಂಡತಿ ಬಂದರು. ತಲೆ ಮೇಲೆ ಸೆರಗು, ಮುಗಿದ ಕೈ, ಫೋಟೊ ತೆಗೆದವನ ಮೇಲೆ ಸಿಟ್ಟಿರುವ ಮುಖ. ಯಾಕೆ ಅಂತ ಕೇಳಿದೆ. "ಲೇಡೀಸ್ ರಿಸರ್ವೇಶನ್ ಬಂದ್ರ ಏನ್ ಮಾಡ್ಲಿ ಅಣ್ಣಾರೆ? ಜನಕ್ಕ ಈಗಿಂದನ ಪರಿಚಯ ಇರ್ಲಿ" ಅಂದರು. ಆ ತಾಯಿಗೆ ಫ್ಲೆಕ್ಸಿನ ವಿಷಯ ಗೊತ್ತಾಗಿದ್ದು ಕಿರಾಣಿ ಅಂಗಡಿಗೆ ಹೋದಾಗಲಂತೆ. ಕ್ಷೇತ್ರ ಎಸ್‌ಸಿ ಮೀಸಲು ಆಗಬಹುದು ಅಂತ ಗಾಳಿ ಸುದ್ದಿ ಬಂದ ವಾರ ಇಬ್ಬರೂ ಸೈಡಿಗೆ ಸರಿದು, ಅವರ ಟ್ರ್ಯಾಕ್ಟರ್ ಡ್ರೈವರ್ ಫೋಟೊ ನಡುವೆ ಬಂತು. ಗಾಳಿ ಸುದ್ದಿ ಸುಳ್ಳಾಯಿತು. ಡ್ರೈವರ್ ಮತ್ತೆ ಕೆಳಗಿನ ಸಾಲಿನ 'ಶುಭ ಕೋರುವವರು' ಗುಂಪಿಗೆ ಇಳಿದ. ಅಷ್ಟರಲ್ಲಿ ಅವನಿಗೂ ಆಸೆ ಹುಟ್ಟಿತ್ತು. ಈಗ ಅವನೂ ಆಕಾಂಕ್ಷಿ.

ಖರ್ಚು ನೋಡಿ. ಗಣೇಶನ ಪಟ್ಟಿಗೆ ಮೊದಲ ಹೆಸರು ಇವರದು. ಜಾತ್ರೆಯಲ್ಲಿ ಅನ್ನಪ್ರಸಾದ. ಕ್ರಿಕೆಟ್ ಟೂರ್ನಮೆಂಟಿಗೆ ಕಪ್ಪು. ಯಾರ ಮನೆಯಲ್ಲಿ ಸತ್ತರೂ ಶಾಮಿಯಾನ, ಕುರ್ಚಿ. ಎರಡು ಎಕರೆ ಗದ್ದೆ ಹೋಗಿದೆ ಅಂತ ಊರಲ್ಲಿ ಮಾತು. ಗೆದ್ದವರು ದುಡ್ಡು ತಿಂದಿದ್ದು ಕೇಳಿದ್ದೇವೆ. ಚುನಾವಣೆಯೇ ಇಲ್ಲದೆ ಸೋತವರನ್ನು ನಾನು ನೋಡಿದ್ದು ಇವರೊಬ್ಬರನ್ನೇ. ಹೋದ ವರ್ಷ ಸಂಕ್ರಾಂತಿಗೆ ಸಿಕ್ಕಾಗ ಧ್ವನಿ ಸಣ್ಣ ಮಾಡಿ ಕೇಳಿದರು: "ಅಣ್ಣಾರೆ, ಒಂದ್ ಖರೇ ಹೇಳ್ರಿ. ಜಿಲ್ಲಾ ಪಂಚಾಯಿತಿ ಇನ್ನಾ ಐತ್ರೇನು?"

ಇದೆ. ಕಟ್ಟಡ ಇದೆ, ಬೋರ್ಡಿದೆ, ಸಿಇಒ ಇದ್ದಾರೆ, ಜೀಪುಗಳಿವೆ. ಮೇಲೆ ಆಡಳಿತಾಧಿಕಾರಿ ಅಂತ ಒಬ್ಬ ಹಿರಿಯ ಐಎಎಸ್ ಅಧಿಕಾರಿಯೂ ಇದ್ದಾರೆ. ನಾವು ಆರಿಸಿದವರು ಇಲ್ಲ, ಅಷ್ಟೇ. ಹಾಗೆಂದು ಸದಸ್ಯರು ಪೂರ್ತಿ ಮಾಯವಾದರು ಅಂದುಕೊಳ್ಳಬೇಡಿ. ಬೊಲೆರೊ ಗಾಡಿಗಳ ಮೇಲೆ ಈಗಲೂ 'ಜಿ.ಪಂ. ಸದಸ್ಯರು' ಅಂತ ಇದೆ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣಗೆ 'ಮಾಜಿ' ಅಂತಲೂ ಇರುತ್ತದೆ.

ಈ ಖಾಲಿ ಕುರ್ಚಿಯ ಬಿಸಿ ನನಗೆ ತಟ್ಟಿದ್ದು ಶಾಲೆಯ ಛಾವಣಿಯಿಂದ. ನಮ್ಮೂರ ಪ್ರಾಥಮಿಕ ಶಾಲೆಯ ಒಂದು ಕೋಣೆ ಸೋರುತ್ತದೆ. ಮಳೆಗಾಲದಲ್ಲಿ ಸಿಮೆಂಟಿನ ಚಕ್ಕೆ ಉದುರಿ ಒಳಗಿನ ಕಬ್ಬಿಣ ಕಾಣುತ್ತಿದೆ. ಹೆಡ್ ಮೇಷ್ಟ್ರು ಬರೆದೂ ಬರೆದೂ ಸುಸ್ತಾಗಿದ್ದರು. ನಾನೊಂದು ಅರ್ಜಿ ಬರೆದು, ನಲವತ್ತು ಜನರ ಸಹಿ ಹಾಕಿಸಿ ಹೊರಟೆ. ಮೊದಲ ಕಚೇರಿಯಲ್ಲಿ "ಇದು ನಮ್ಮ ಲೆವೆಲ್ಲಿಗೆ ಬರಲ್ರಿ, ತಾಲ್ಲೂಕಿಗೆ ಹೋಗ್ರಿ" ಅಂದರು. ತಾಲ್ಲೂಕಿನಲ್ಲಿ "ಜಿಲ್ಲಾಕ್ಕ ಹೋಗ್ರಿ" ಅಂದರು. ಜಿಲ್ಲೆಯಲ್ಲಿ ಒಬ್ಬ ಗುಮಾಸ್ತರು ಅರ್ಜಿ ಪೂರ್ತಿ ಓದಿದರು. ಓದಿದವರು ಅವರೊಬ್ಬರೇ, ಅದಕ್ಕೆ ಅವರ ಬಗ್ಗೆ ಕೆಟ್ಟದ್ದು ಬರೆಯಲು ಮನಸ್ಸಿಲ್ಲ.

"ಎಲ್ಲಾ ಸರಿ ಐತ್ರಿ. ನಿಮ್ಮ ಕ್ಷೇತ್ರದ ಸದಸ್ಯರ ಒಂದು ಲೆಟರ್ ಹಚ್ಚಿಬಿಡ್ರಿ, ಕ್ರಿಯಾ ಯೋಜನೆಗೆ ಹಾಕಾಕ ಅನುಕೂಲ ಆಗ್ತದ."

"ಸದಸ್ಯರು ಇಲ್ಲಲ್ರೀ ಸರ್."

"ಊರಾಗಿಲ್ಲೇನು?"

"ರಾಜ್ಯದಾಗ ಇಲ್ರಿ."

ಅವರು ಪೆನ್ನು ಕೆಳಗಿಟ್ಟು ನಕ್ಕರು. ನಾನೂ ನಕ್ಕೆ. ಅವರ ತಪ್ಪಲ್ಲ, ರೂಢಿಯ ಮಾತು ಬಾಯಿಗೆ ಬಂದಿತ್ತು. ಕೊನೆಗೆ ಶಾಸಕರ ಲೆಟರ್ ತರಲು ಹೇಳಿದರು.

ಅಲ್ಲಿಗೆ ವಿಷಯ ತಿಳಿಯಿತು. ಶಾಲೆಯ ಹಂಚು, ಅಂಗನವಾಡಿಯ ಸುಣ್ಣ, ಬೋರ್‌ವೆಲ್ಲಿನ ಮೋಟಾರು, ಎಲ್ಲದಕ್ಕೂ ಈಗ ಒಂದೇ ಬಾಗಿಲು. ಆ ಬಾಗಿಲಲ್ಲಿ ಚಪ್ಪಲಿ ರಾಶಿ. ಕಾಯ್ದೆ ಮಾಡಲು ಆರಿಸಿ ಕಳಿಸಿದ ಶಾಸಕರು ಪಾಪ ಹಂಚು, ಸುಣ್ಣ, ಮೋಟಾರು ನೋಡಿಕೊಂಡಿದ್ದಾರೆ. ಕಷ್ಟ ಅಂತ ಅವರು ಎಂದೂ ದೂರಿಲ್ಲ. ಯಾಕೆ ದೂರುತ್ತಾರೆ? ಜಿಲ್ಲಾ ಪಂಚಾಯಿತಿಯಲ್ಲಿ ಹೆಸರು ಮಾಡಿದವನೇ ನಾಳೆ ಇವರ ಟಿಕೆಟ್ಟಿಗೆ ಕೈ ಹಾಕುವವನು. ಬೇಲಿಯೇ ಇಲ್ಲದ ಹೊಲ ಸಿಕ್ಕಾಗ ಬೇಲಿ ಹಾಕಿಸಿ ಅಂತ ಯಾವ ಎತ್ತು ಕೇಳುತ್ತದೆ?

ಇದೇ ರಾಜ್ಯ ಒಂದು ಕಾಲದಲ್ಲಿ ದೇಶಕ್ಕೆ ಪಾಠ ಹೇಳಿತ್ತು ಅಂದರೆ ಈಗಿನ ಹುಡುಗರು ನಂಬಲ್ಲ. ಅಬ್ದುಲ್ ನಜೀರ್ ಸಾಬ್ ಅಂತ ಒಬ್ಬ ಮಂತ್ರಿ ಇದ್ದರು. ಹಳ್ಳಿ ಹಳ್ಳಿಗೆ ಬೋರ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ಅವರ ಕಾಲದ 1983ರ ಪಂಚಾಯಿತಿ ಕಾಯ್ದೆ, 1987ರ ಚುನಾವಣೆ. ಜಿಲ್ಲಾ ಪರಿಷತ್ (ಆಗಿನ ಜಿಲ್ಲಾ ಪಂಚಾಯಿತಿ) ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ದೇಶಕ್ಕೆಲ್ಲ ಪಂಚಾಯಿತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬಂದಿದ್ದು ಅದಾದ ಎಷ್ಟೋ ವರ್ಷದ ಮೇಲೆ. ಆ ಸಾಬರ ಹೆಸರಲ್ಲಿ ಮೈಸೂರಿನಲ್ಲಿ ತರಬೇತಿ ಸಂಸ್ಥೆ ಇದೆ. ಗೆದ್ದ ಸದಸ್ಯರಿಗೆ ಅಲ್ಲಿ ಪಾಠ ಹೇಳಿಕೊಡಬೇಕು. ಶಿಷ್ಯರನ್ನು ಕಳಿಸುವುದನ್ನೇ ನಿಲ್ಲಿಸಿ ಗುರುವಿನ ಫೋಟೊಗೆ ಹಾರ ಹಾಕುವುದು ನಮಗೆ ಗೊತ್ತಿರುವ ಗೌರವ.

ನಗುತ್ತಾ ಬರೆಯೋಣ ಅಂತಲೇ ಕೂತಿದ್ದೆ. ಆದರೆ 2024ರ ಫೆಬ್ರವರಿ ನೆನಪಾಗುತ್ತದೆ. ನಮ್ಮ ಸರ್ಕಾರಕ್ಕೆ ಸರ್ಕಾರವೇ ದಿಲ್ಲಿಗೆ ಹೋಗಿ ಜಂತರ್ ಮಂತರ್‌ನಲ್ಲಿ ಕೂತಿತು. ಮೇಲಿನವರು ನಮ್ಮ ಪಾಲು ಕೊಡುತ್ತಿಲ್ಲ, ಅಧಿಕಾರ ಎಲ್ಲ ದಿಲ್ಲಿಯಲ್ಲೇ ಇಟ್ಟುಕೊಂಡಿದ್ದಾರೆ ಅಂತ. ಮಾತು ಸರಿ. ಹಾಗಾದರೆ ನಮ್ಮ ಪಾಲು? ಬೆಂಗಳೂರಿನಲ್ಲಿ ಇಟ್ಟುಕೊಂಡಿರೋದು ಯಾರದ್ದು? ಇವರನ್ನು ಬೈಯುವ ವಿರೋಧ ಪಕ್ಷಕ್ಕಂತೂ ಬಾಯೇ ಇಲ್ಲ, 2021ರಲ್ಲಿ ಈ ಆಟ ಶುರು ಮಾಡಿದ್ದೇ ಅವರು. ಒಬ್ಬರು ನಿಲ್ಲಿಸಿದರು, ಇನ್ನೊಬ್ಬರು ನಿಂತಿದ್ದನ್ನು ಕಾಯುತ್ತಿದ್ದಾರೆ. ಸದನದಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಇದೊಂದರಲ್ಲಿ ಅಣ್ಣ ತಮ್ಮ. ನಮ್ಮ ಭಾಗಕ್ಕೆ ವಿಶೇಷ ಅಂತ ಸಂವಿಧಾನದ 371ಜೆ ವಿಧಿ ಕೊಟ್ಟರು, ಸಂತೋಷ. ಎಲ್ಲರಿಗೂ ಇರುವ ಸಾದಾ 243ಇ ಕೂಡ ಕೊಡಿ. 2016ರ ಚುನಾವಣೆ ಆದ ಮೇಲೆ ಹದಿನೆಂಟು ತುಂಬಿದ ನನ್ನ ತಂಗಿಯ ಮಗಳಿಗೆ ಈಗ ಎರಡು ಮಕ್ಕಳು. ಆಕೆ ಒಂದು ಸಲವೂ ಜಿಲ್ಲಾ ಪಂಚಾಯಿತಿಗೆ ವೋಟು ಹಾಕಿಲ್ಲ. ಯಾರೂ ಅವಳಿಗೆ ಸಾರಿ ಅಂತ ಕೂಡ ಹೇಳಿಲ್ಲ.

ನಾವೇನು ಕಡಿಮೆ? ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಿಂದ ಜನ ಧರಣಿ ಕೂತರು, ಸಾವಿರ ದಿನ ದಾಟಿಸಿದರು. ಕಾಲುವೆಯ ಕೊನೆ ಭಾಗಕ್ಕೆ ನೀರು ಬರದಿದ್ದರೆ ರಸ್ತೆಗೆ ಟ್ರ್ಯಾಕ್ಟರ್ ಅಡ್ಡ ಇಡುತ್ತೇವೆ. ನಮ್ಮ ವೋಟು ಇಷ್ಟು ವರ್ಷ ಕಾಣೆಯಾಗಿದ್ದಕ್ಕೆ ಒಂದು ಸೈಕಲ್ಲನ್ನೂ ಅಡ್ಡ ಇಟ್ಟಿಲ್ಲ. ನಾನೂ ಇಟ್ಟಿಲ್ಲ. ಛಾವಣಿ ಸೋರುವ ತನಕ ನನಗೂ ನೆನಪಿರಲಿಲ್ಲ.

ಆಗುವುದೇ ಇಲ್ಲ ಅಂತಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಹರಿದು ಕೊಚ್ಚಿಹೋಯಿತಲ್ಲ. ನುಗ್ಗುವ ನೀರಿನೊಳಗೆ ಸ್ಟಾಪ್ ಲಾಗ್ ಅನ್ನುವ ತಾತ್ಕಾಲಿಕ ಗೇಟು ಇಳಿಸಲು ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಯವರಿಗೆ ಒಂದು ವಾರ ಸಾಕಾಯಿತು. ಕ್ಷೇತ್ರಗಳ ಗಡಿ ಅಳೆಯುವ ಮರುವಿಂಗಡಣೆ ಆಯೋಗ ಬರಲಿ ಅಂತ ಅವರು ಕಾಯಲಿಲ್ಲ. ಕಾದಿದ್ದರೆ ನಮ್ಮ ಭತ್ತದ ಗದ್ದೆ ಈಗ ಬಯಲಾಟದ ಮೈದಾನ.

ಶಾಸಕರ ಲೆಟರ್ ಇನ್ನೂ ಸಿಕ್ಕಿಲ್ಲ. ಶೀಘ್ರ ಅಂದಿದ್ದಾರೆ ಅವರ ಪಿಎ. ಆದರೆ ಛಾವಣಿ ಸೋರುವುದು ಸದ್ಯ ನಿಂತಿದೆ. ಹೋದ ತಿಂಗಳ ಗಾಳಿಗೆ ಅಗಸಿಯ ದೊಡ್ಡ ಫ್ಲೆಕ್ಸು ಹರಿದು ಬಿತ್ತು, ಇಪ್ಪತ್ತು ಅಡಿ ಉದ್ದದ್ದು. ಹೆಡ್ ಮೇಷ್ಟ್ರು ಅದನ್ನು ಎಳೆಸಿಕೊಂಡು ಹೋಗಿ, ಕೋಣೆಯ ಒಳಗೆ ತೊಲೆಯಿಂದ ತೊಲೆಗೆ ಹಗ್ಗ ಹಾಕಿ ಬಿಗಿಸಿದ್ದಾರೆ. ನೀರು ಅದರ ಮೇಲೆ ಬಿದ್ದು ಮೂಲೆಯ ಬಕೆಟ್ಟಿಗೆ ಹರಿಯುತ್ತದೆ. ಚಿತ್ರ ಇರುವ ಬದಿ ಕೆಳಗೆ. ನಾಲ್ಕನೇ ಕ್ಲಾಸಿನ ಮಕ್ಕಳು ತಲೆ ಎತ್ತಿದರೆ ಆಕಾಂಕ್ಷಿ, ಪಕ್ಕದಲ್ಲಿ ಅವರ ಮನೆಯವರು, ಇಬ್ಬರೂ ಕೈ ಮುಗಿದುಕೊಂಡು ಮೇಲಿಂದ ನೋಡುತ್ತಿರುತ್ತಾರೆ.

ನಾನು ಹೋದ ದಿನ ಸಣ್ಣ ಮಳೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೇಲೆ ಬೊಟ್ಟು ಮಾಡಿ ಕೇಳಿದಳು: "ಸರ್, ಆಕಾಂಕ್ಷಿ ಅಂದ್ರೇನ್ರಿ?"

ಮೇಷ್ಟ್ರು ಬಕೆಟ್ ಇಣುಕಿ ನೋಡಿದರು. "ಅದು ಸಿಲೆಬಸ್ಸಿನಾಗಿಲ್ಲ ಕುಂದ್ರವಾ" ಅಂದರು.