ಕೈಗೆಷ್ಟು ಸಿಗ್ತದೆ ಮಾರಾಯ್ರೆ?

ನಮ್ಮ ಉಡುಪಿ ಕಡೆ ಮದುವೆ ಊಟಕ್ಕೆ ಕೂತರೆ ಪಾಯಸ ಬರುವ ಮೊದಲೇ ಯಾರದ್ದಾದರೂ ಮಗನ ಸಂಬಳ ಬಡಿಸಿ ಆಗಿರುತ್ತದೆ. ದುಬೈಯವನದ್ದು ತಿಂಗಳಿಗೆ, ದಿರ್ಹಮಿನಲ್ಲಿ, ಪೂರ್ತಿ ಕೈಗೆ. ಜರ್ಮನಿಯವನದ್ದು ವರ್ಷಕ್ಕೆ, ಯೂರೋದಲ್ಲಿ, ಕಡಿತಕ್ಕೆ ಮೊದಲು. ಬೆಂಗಳೂರಿನವನದ್ದು ಸಿಟಿಸಿ, ಅಂದರೆ ಅವನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಈ ಮೂರನ್ನೂ ಮಾವಂದಿರು ಸಾರು ಕಲಸುತ್ತಲೇ ರೂಪಾಯಿಗೆ ತಿರುಗಿಸಿ, ಯಾರು ಮೇಲು ಅಂತ ತೀರ್ಪು ಕೊಡುತ್ತಾರೆ. ಇಂಥ ತಲೆಗಳು ಹಣಕಾಸು ಇಲಾಖೆಯ ಕಣ್ಣಿಗೆ ಬೀಳದೆ ಹೋದದ್ದು ದೇಶದ ನಷ್ಟ.

ಜರ್ಮನಿಯಲ್ಲಿ ವರ್ಷಕ್ಕೆ 60 ಸಾವಿರ ಯೂರೋ ಅಂದರೆ, ಒಂಟಿ ಹುಡುಗನಿಗೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿಯೇ ಹೋಗುತ್ತದೆ. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ. ವಯಸ್ಸು 23 ದಾಟಿಯೂ ಮಕ್ಕಳಿಲ್ಲವೋ, ಮುಪ್ಪಿನಲ್ಲೋ ಕಾಯಿಲೆಯಲ್ಲೋ ನೋಡಿಕೊಳ್ಳಲಿಕ್ಕಿರುವ ಆರೈಕೆ ವಿಮೆಗೆ ಇನ್ನೂ 0.6 ಪರ್ಸೆಂಟ್. 'ಮಗು ಯಾವಾಗ' ಅಂತ ನಮ್ಮಲ್ಲಿ ಅತ್ತೆಯಂದಿರು ಪುಕ್ಕಟೆ ಕೇಳುತ್ತಾರೆ, ಅಲ್ಲಿ ಸರಕಾರ ದುಡ್ಡು ತೆಗೆದುಕೊಂಡು ಕೇಳುತ್ತದೆ. ಮಂಗಳೂರಿನ ಕ್ಯಾಥೊಲಿಕ್ ಹುಡುಗ ಅಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮದ ಜಾಗದಲ್ಲಿ ಸತ್ಯ ಬರೆದರೆ ಮುಗಿಯಿತು. ಕಟ್ಟುವ ಆದಾಯ ತೆರಿಗೆಯ ಮೇಲೆ 8 ಅಥವಾ 9 ಪರ್ಸೆಂಟ್ ಚರ್ಚ್ ತೆರಿಗೆ. ಊರಲ್ಲಿ ಕಾಣಿಕೆಗೆ ಹತ್ತರ ನೋಟು ತೆಗೆಯಲು ಎರಡು ಸಲ ಯೋಚಿಸುತ್ತಿದ್ದವನು ಪಾಪ.

ದುಬೈಯಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇಲ್ಲ, ಸರಿ. ಮಕ್ಕಳ ಶಾಲೆ ಫೀಸು, ಮನೆ ಬಾಡಿಗೆ ಕೇಳಿದರೆ ಮಾತ್ರ ಮಾವ ಮಜ್ಜಿಗೆ ತರಲು ಕೂಗುತ್ತಾರೆ.

ನಮ್ಮಲ್ಲೂ ಈಗ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ. ವೃತ್ತಿ ತೆರಿಗೆ ಉಂಟು, ತಿಂಗಳಿಗೆ 200 ರೂಪಾಯಿ. ಫೆಬ್ರವರಿಯಲ್ಲಿ 300. ದಿನ ಕಡಿಮೆ ಇರುವ ತಿಂಗಳನ್ನೇ ಹುಡುಕಿ ನೂರು ಏರಿಸಿದ ಪುಣ್ಯಾತ್ಮನಿಗೆ ಒಂದು ಶಾಲು ಹೊದೆಸಬೇಕು.

ಪಕ್ಕದ ಮನೆ ಹುಡುಗಿಗೆ ಮೊನ್ನೆ ಆಫರ್ ಲೆಟರ್ ಬಂತು. ಮೇಲೆ ದಪ್ಪಕ್ಷರದಲ್ಲಿ ಆರು ಲಕ್ಷ. ಕೆಳಗೆ ನೋಡಿದರೆ ಕಂಪನಿ ಕಟ್ಟಬೇಕಾದ ಪಿಎಫ್ ಪಾಲು ಅದರೊಳಗೇ ಉಂಟು. ವಿಮೆಯ ಪ್ರೀಮಿಯಂ ಉಂಟು. 'ಸಾಧನೆ ನೋಡಿ' ಕೊಡುವ ಬೋನಸ್ ಉಂಟು. ಕೆಲಸ ಬಿಡುವಾಗ ಕೊಡುವ ಇಡಿಗಂಟು, ಗ್ರಾಚ್ಯುಟಿಯೂ ಉಂಟು, ಮೂಲ ವೇತನದ 4.81 ಪರ್ಸೆಂಟ್. ಕಾಯಂ ನೌಕರಿಯಲ್ಲಿ ಐದು ವರ್ಷ ದುಡಿಯದೆ ಅದು ಕೈಗೆ ಬರುವುದಿಲ್ಲ. ಅದನ್ನು ಈ ವರ್ಷದ ಸಂಬಳ ಅಂತ ಬರೆಯಲು ಇವರಿಗೆ ನಾಚಿಕೆಯೂ ಆಗುವುದಿಲ್ಲವಾ?

ಇದರಲ್ಲಿ ತಮಾಷೆ ಹುಡುಕಿ ಸಾಕಾಗಿದೆ. ಪಿಜಿ ಬಾಡಿಗೆ ಎಷ್ಟರದ್ದು ನೋಡಬಹುದು ಅಂತ ಲೆಕ್ಕ ಹಾಕಲು ಆ ಹುಡುಗಿ ಕಂಪನಿಗೆ ಫೋನ್ ಮಾಡಿ, ತಿಂಗಳಿಗೆ ಕೈಗೆಷ್ಟು ಬರ್ತದೆ ಸರ್ ಅಂತ ಕೇಳಿದಳು. 'ಮೊದಲ ಸ್ಲಿಪ್ ಬಂದಾಗ ಗೊತ್ತಾಗುತ್ತದೆ' ಅಂದರಂತೆ. ಸಹಿ ಮಾತ್ರ ಶುಕ್ರವಾರದೊಳಗೆ ಬೇಕಂತೆ.