ಗರಸು ಹತ್ತುವ ತನಕ ತೆಗೆಸಿ

ಹೋದ ವಾರ ತಮ್ಮನ ಹೊಸ ಮನೆಯ ಪಾಯಾ ತೆಗೆಸಿದೆವು. ವಿಜಯಪುರದ ಹೊರಗೆ, ಮೊನ್ನೆ ಮೊನ್ನೆವರೆಗೂ ಜೋಳ ಬೆಳೆಯುತ್ತಿದ್ದ ಎರೆ ಹೊಲ, ಅಂದರೆ ಕಪ್ಪು ಮಣ್ಣಿನದು. ಈಗ ಲೇಔಟ್. 30-40ರ ಸೈಟು, 12 ಕಾಲಂ, ಒಂದೊಂದಕ್ಕೂ ಒಂದು ಗುಂಡಿ.

ಸುಣ್ಣದ ಪುಡಿಯಲ್ಲಿ ಗುರುತು ಹಾಕಿ, ಜೆಸಿಬಿ ನಾಲ್ಕೂವರೆ ಫೂಟು ತೆಗೆದಿತ್ತು. ಗೌಂಡಿ ಬಂದು, "ಅಕ್ಕಾರ, ಇಷ್ಟ ಸಾಕ್ರಿ. ಬಾಜೂ ಮನಿಗೂ ಇಷ್ಟ ತಗದಾರ" ಅಂದರು. ನಾನು ಗುಂಡಿಯೊಳಗೆ ಇಣುಕಿದೆ. ತಳ ಇನ್ನೂ ಕಪ್ಪಗೇ ಇತ್ತು. "ಇಲ್ರಿ, ಗರಸ ಹತ್ತೂ ತನಕ ತಗೀರಿ" ಅಂದೆ. ಗರಸು ಅಂದರೆ ಎರೆಯ ಕೆಳಗೆ ಸಿಗುವ ಗಟ್ಟಿ ಕಲ್ಲುಮಣ್ಣು. ತಮ್ಮನ ಮುಖ ಸಣ್ಣದಾಯಿತು. ಜೆಸಿಬಿಗೆ ತಾಸಿನ ಲೆಕ್ಕ. ಆಳ ಹೋದಷ್ಟೂ ಕಬ್ಬಿಣ, ಕಾಂಕ್ರೀಟು ಜಾಸ್ತಿ. ಅವನ ಸಂಕಟ ನನಗೂ ಗೊತ್ತು.

ಆದರೆ ನಾವಿಬ್ಬರೂ ಬೆಳೆದದ್ದು ಬಿರುಕು ಬಿಟ್ಟ ಮನೆಯಲ್ಲಿ. ಅಪ್ಪ ಮೂರೇ ಫೂಟು ಪಾಯಾ ತೆಗೆಸಿದ್ದರು. ಮಳೆಗಾಲ ಬಂದರೆ ಅಡುಗೆಮನೆ ಬಾಗಿಲು ಹಾಕಲು ಬರುತ್ತಿರಲಿಲ್ಲ. ಬಡಗಿ ಬಂದು ಕೀಸಿ ಹೋಗುತ್ತಿದ್ದ. ಬೇಸಿಗೆಯಲ್ಲಿ ಅದೇ ಬಾಗಿಲ ಮೇಲೆ ಬೆರಳು ತೂರುವಷ್ಟು ಸಂದು. ಕಿಟಕಿ ಮೂಲೆಯಿಂದ ಓರೆಯಾಗಿ ಹೋದ ಸೀಳಿಗೆ ಅಪ್ಪ ಪ್ರತಿ ದೀಪಾವಳಿಗೂ ಸಿಮೆಂಟು ತುಂಬಿ ಬಣ್ಣ ಹಚ್ಚುತ್ತಿದ್ದರು. ಯುಗಾದಿ ಹೊತ್ತಿಗೆ ಮತ್ತೆ ಬಾಯಿ ಬಿಡುತ್ತಿತ್ತು.

ತಪ್ಪು ಗೋಡೆಯದಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿಗೆ ಕೋಲು ಇಳಿಬಿಟ್ಟರೆ ಅರ್ಧ ಒಳಗೆ ಹೋಗುತ್ತೆ, ಅಲ್ವಾ? ಅದೇ ಮಣ್ಣು ಮನೆಯ ಕೆಳಗೂ ಇದೆ. ಮನೆಯ ನಡುಭಾಗ ಅಷ್ಟು ಒಣಗಲ್ಲ, ಅಂಚು ಒಣಗುತ್ತೆ. ಬಚ್ಚಲ ನೀರು ಹೋಗುವ ಮೂಲೆ ಸದಾ ಹಸಿ. ಒಂದು ಕಡೆ ಏಳುತ್ತೆ, ಇನ್ನೊಂದು ಕಡೆ ಕೂರುತ್ತೆ. ಗೋಡೆ ಸೀಳದೆ ಏನು ಮಾಡೀತು?

ಈ ಸಲ ಮಣ್ಣನ್ನು ಪರೀಕ್ಷೆಗೆ ಕೊಟ್ಟಿದ್ದೆವು. ಎರಡು ಗಾಜಿನ ಜಾರು, ಎರಡಕ್ಕೂ ಜರಡಿ ಹಿಡಿದ 10 ಗ್ರಾಂ ಮಣ್ಣು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. 24 ಗಂಟೆ ಬಿಟ್ಟು ನೋಡಿದರೆ ಸೀಮೆಎಣ್ಣೆಯಲ್ಲಿ ಮಣ್ಣು ತೆಪ್ಪಗೆ ತಳದಲ್ಲಿ ಕೂತಿತ್ತು. ನೀರಿನ ಜಾರಿನಲ್ಲಿ ಅದು ಎಷ್ಟೋ ಮೇಲೆ ಎದ್ದಿತ್ತು. ತಮ್ಮ ಅಲ್ಲಿಯೇ ಮೆತ್ತಗಾದ. ಲಕ್ಷಗಟ್ಟಲೆ ಟೈಲ್ಸಿಗೆ ಕೊಡುವವರು ಇಷ್ಟು ಸಣ್ಣ ಪರೀಕ್ಷೆಗೆ ಯಾಕೆ ಹಿಂದೆಮುಂದೆ ನೋಡುತ್ತಾರೋ.

ಗುಂಡಿಯಿಂದ ಬಂದ ಒಂದು ಹೆಂಟೆ ಒಡೆದು ನೋಡಿದೆ. ಒಳಮೈ ಎಣ್ಣೆ ಸವರಿದಂತೆ ನುಣ್ಣಗೆ ಹೊಳೆಯುತ್ತಿತ್ತು. ಉಬ್ಬುವಾಗ ಮಣ್ಣು ಮಣ್ಣಿಗೇ ಉಜ್ಜಿಕೊಂಡು ಬರುವ ಹೊಳಪು ಅದು. ಆರು ಫೂಟು ದಾಟಿದ ಮೇಲೆ ಬಿಳಿ ಸುಣ್ಣದ ಹರಳು ಬಂದವು. ಒಂಬತ್ತು ಫೂಟಿಗೆ ಜೆಸಿಬಿ ಹಲ್ಲಿನ ಸಪ್ಪಳವೇ ಬೇರೆಯಾಯಿತು. ಗರ್‍ರ್ ಅಂತ ಕೆರೆದ ಸದ್ದು. ಕಂದು ಬಣ್ಣದ ಗಟ್ಟಿ ಗರಸು.

ಖಾನಾಪುರದ ಕಡೆ ಕೆಂಪು ಮಣ್ಣು, ಬಾದಾಮಿಯಲ್ಲಿ ಕಲ್ಲೇ ಕಲ್ಲು. ಅಲ್ಲಿಯ ಲೆಕ್ಕ ಇಲ್ಲಿಗೆ ನಡೆಯಲ್ಲ, ಬೆಂಗಳೂರಿನ ಯೂಟ್ಯೂಬ್ ಲೆಕ್ಕವಂತೂ ಬೇಡವೇ ಬೇಡ. ಡೋಣಿ ಹೊಳೆಯ ಸಾಲಿನಲ್ಲಿ ಎರೆ ಇನ್ನೂ ಆಳ. ಅಂಥ ಕಡೆ ಅಂಡರ್‌ರೀಮ್ಡ್ ಪೈಲ್ ಬಗ್ಗೆ ಎಂಜಿನಿಯರ್‌ನ ಕೇಳಿ. ತಳದಲ್ಲಿ ಗಂಟೆಯ ಹಾಗೆ ಅಗಲವಾಗುವ ಕಂಬ ಅದು. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಪಿಸಿದ್ದು. ಸಾಮಾನ್ಯವಾಗಿ 3.5 ಮೀಟರ್ ಇಳಿಸುತ್ತಾರೆ, ಅಷ್ಟು ಕೆಳಗೆ ಮಳೆ-ಬಿಸಿಲಿನ ಆಟ ನಡೆಯಲ್ಲ ಅಂತ.

ನಮ್ಮೂರಿನಲ್ಲೇ ಗೋಲಗುಮ್ಮಟ ಇದೆ. ಬಂದವರೆಲ್ಲ ಕತ್ತೆತ್ತಿ ಗುಮ್ಮಟ ನೋಡುತ್ತಾರೆ. ಅದರ ಬುನಾದಿ ಬಂಡೆಯ ಮೇಲೆ ಕೂತಿದೆ. 17ನೇ ಶತಮಾನದಲ್ಲಿ, ಜೆಸಿಬಿ ಇಲ್ಲದ ಕಾಲದಲ್ಲಿ, ಅಲ್ಲಿಯ ತನಕ ಹೋಗಿದ್ದಾರೆ.

ಇನ್ನೊಂದು ಮಾತು. ತೆಗೆದ ಎರೆಯನ್ನೇ ಮನೆಯೊಳಗೆ ನೆಲದ ಕೆಳಗೆ ತುಂಬಿಬಿಡುತ್ತಾರೆ, ಟ್ರಿಪ್ಪಿನ ದುಡ್ಡು ಉಳಿಯುತ್ತೆ ಅಂತ. ದಯವಿಟ್ಟು ಬೇಡ. ಕೆಳಗೆ ಗೆದ್ದು ಮೇಲೆ ಸೋತ ಹಾಗೆ, ನೆಲದ ಟೈಲ್ಸ್ ಏಳುತ್ತವೆ. ಗರಸು ತರಿಸಿ, ಆರಾರು ಇಂಚು ಹಾಕಿ, ನೀರು ಹೊಡೆದು ದಮ್ಮಸ್ಸು ಮಾಡಿಸಿ. ನಮ್ಮ ಎರೆಯನ್ನು ಪಕ್ಕದ ಊರಿನ ರೈತರೊಬ್ಬರು ಟ್ರ್ಯಾಕ್ಟರ್ ತಂದು ಖುಷಿಯಿಂದ ಒಯ್ದರು.

ಮತ್ತೆ ಆ ಗುಂಡಿಗೆ ಇಳಿಯುವವರ ಜೀವ. ಒಣಗಿದ ಎರೆ ಗೋಡೆ ಹಾಗೆ ನೆಟ್ಟಗೆ ನಿಲ್ಲುತ್ತೆ. ಒಂದು ಅಡ್ಡಮಳೆ ಬಿದ್ದರೆ ಸೀಳಿದ ಕಡೆಯಿಂದ ಇಡೀ ಪದರೇ ಕುಸಿಯುತ್ತೆ. ತೆಗೆದ ಮಣ್ಣನ್ನು ದಂಡೆಗೇ ಗುಡ್ಡೆ ಹಾಕಿದ್ದರು. ಜಗಳ ಮಾಡಿಯೇ ಐದು ಫೂಟು ಆಚೆ ತಳ್ಳಿಸಿದೆ. ಬದಿಗಳನ್ನು ಇಳಿಜಾರು ಮಾಡಿಸಿದೆ, ಏಣಿ ಇಡಿಸಿದೆ. ತಳ ಸಮ ಮಾಡಲು ಕೆಳಗೆ ಇಳಿದ ಹುಡುಗನಿಗೆ ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ.

ನಾಳೆ ಬೆಡ್ ಕಾಂಕ್ರೀಟು, ಗುಂಡಿಯ ತಳಕ್ಕೆ ಮೊದಲು ಹಾಕುವ ಪದರು. ಅದಕ್ಕೂ ಮುಂಚೆ 12 ಗುಂಡಿಯ ತಳದ್ದೂ ಫೋಟೋ ತೆಗೆ, ಪಕ್ಕದಲ್ಲಿ ಟೇಪು ಹಿಡಿದುಕೊಂಡು, ಅಂತ ತಮ್ಮನಿಗೆ ಹೇಳಿದ್ದೇನೆ. ಏಳು ಗುಂಡಿಯದ್ದು ಈಗಾಗಲೇ ವಾಟ್ಸಾಪ್‌ಗೆ ಬಂದಿವೆ. ಏಳನೆಯದರ ಒಂದು ಮೂಲೆಯಲ್ಲಿ ಇನ್ನೂ ಕಪ್ಪು ಕಾಣುತ್ತಿದೆ. ಬೆಳಿಗ್ಗೆ ಬೇಗ ಹೋಗಿ ಅದನ್ನು ಕೈಯಿಂದ ತೆಗೆಸಬೇಕು.