ಸಿಮೆಂಟ್ ಒಂದನ್ನು ಬಿಟ್ಟು

ಮುಂಬಯಿಯ ಚೆಂಬೂರಿನ ನಮ್ಮ ಹಳೇ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗಿ ಆರು ಮಳೆಗಾಲ ಆಯ್ತು. ಹಳೆಯದು ಹೋಯ್ತು, ಹೊಸದು ಬರಲಿಲ್ಲ. ಹಾಗಂತ ಬರಿಗೈಯಲ್ಲಿದ್ದೇವೆ ಅಂದರೆ ನಾಲಿಗೆ ಬಿದ್ದುಹೋದೀತು. ಡೆವಲಪ್‌ಮೆಂಟ್ ಅಗ್ರಿಮೆಂಟ್ ಇದೆ. ಅದಕ್ಕೊಂದು ಅಮೆಂಡ್‌ಮೆಂಟ್ ಇದೆ. ಹಳೇ ಮನೆಗೆ ಬದಲು ಹೊಸ ಮನೆ ಕೊಡುವುದಕ್ಕೆ ಪರ್ಮನೆಂಟ್ ಆಲ್ಟರ್ನೇಟ್ ಅಕಾಮೊಡೇಶನ್ ಅಗ್ರಿಮೆಂಟ್ ಅಂತ ಮತ್ತೊಂದಿದೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಲೋಕಲ್ ಟ್ರೇನು ಕುರ್ಲಾ ದಾಟಿರುತ್ತದೆ. ಸದ್ಯಕ್ಕೆ ಅದರಲ್ಲಿ ಪರ್ಮನೆಂಟ್ ಆಗಿ ಕೂತಿರುವುದು ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನು ಮಾತ್ರ.

ಮೊದಲ ಮೀಟಿಂಗ್ ನಡೆದದ್ದು ನಮ್ಮ ಟೆರೇಸಿನಲ್ಲಿ. ಬಾಡಿಗೆ ಕುರ್ಚಿ, ಪೇಪರಿನಲ್ಲಿ ಸುತ್ತಿದ ವಡಾಪಾವ್, ಕಟಿಂಗ್ ಚಾ. ಬಿಲ್ಡರ್ ಕಡೆಯ ಹುಡುಗ ಥರ್ಮಾಕೋಲಿನ 22 ಮಾಳಿಗೆ ಕಟ್ಟಡ ಹೊತ್ತುಕೊಂಡು ಬಂದಿದ್ದ. ಸ್ಪಂಜಿನ ಮರಗಳು, ಹೆಬ್ಬೆರಳ ಉಗುರಿನಷ್ಟು ನೀಲಿ ಬಣ್ಣ ಬಳಿದ ಸ್ವಿಮ್ಮಿಂಗ್ ಪೂಲು. ಗಾಳಿ ಬಂದಾಗಲೆಲ್ಲ ಕಟ್ಟಡ ಹಾರಿಹೋಗದಂತೆ ಅವನೇ ಒಂದು ಕೈಯಲ್ಲಿ ಹಿಡಿದುಕೊಂಡು ಮಾತಾಡಿದ. ಎರಡು ಮಾತಿಗೊಂದು 'ಕಮಿಟ್‌ಮೆಂಟ್'. ನನ್ನ ಪಕ್ಕದಲ್ಲಿ ಕಾರ್ಕಳದ ಅಜ್ಜಿ ಕೂತಿದ್ದರು. ಅವರ ಯಜಮಾನರು ಫೋರ್ಟಿನ ಹೋಟೆಲಿನಲ್ಲಿ ನಲವತ್ತು ವರ್ಷ ದುಡಿದು ಕೊಂಡ ಮನೆ ಅದು.

"ಎಂತ ಹೇಳ್ತಾನೆ ಮಾರಾಯ ಅವ?"

"ಕಮಿಟ್‌ಮೆಂಟ್ ಕೊಡ್ತಾರಂತೆ ಅಜ್ಜಿ."

"ಅದು ಎಷ್ಟು ಸ್ಕ್ವೇರ್ ಫೀಟು?"

ನಾನು ಆಗ ನಕ್ಕಿದ್ದೆ. ಇಡೀ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದ್ದು ಅವರೊಬ್ಬರೇ ಅಂತ ಆಮೇಲೆ ತಿಳಿಯಿತು.

ಈ ಪದಗಳ ಕೊನೆಯಲ್ಲೆಲ್ಲ ಬರುವ 'ಮೆಂಟ್' ಎಲ್ಲಿಂದ ಬಂತು ಅಂತ ಹುಡುಕಿದೆ. ಮನೆ ಇಲ್ಲದವನಿಗೆ ಸಮಯ ಜಾಸ್ತಿ ಇರುತ್ತದೆ, ಅಲ್ವಾ? ಮೂಲ ಲ್ಯಾಟಿನ್, ಅಲ್ಲಿ ಅದು 'ಮೆಂಟುಮ್'. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಬಾಯಿಂದ ಇಂಗ್ಲಿಷಿಗೆ ಬಂತು. ಅದರ ಕೆಲಸ ಇಷ್ಟೇ: ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಅದನ್ನು ನಾಮಪದ ಮಾಡುವುದು. 'ಪೇ' ಅಂದರೆ ಕೊಡು. ಯಾರು ಕೊಡಬೇಕು, ಯಾವತ್ತು ಕೊಡಬೇಕು ಅಂತ ಕೇಳಬಹುದು. 'ಪೇಮೆಂಟ್' ಅಂದ ಕೂಡಲೇ ಕೊಡುವವನು ಮಾಯ. ಪೇಮೆಂಟ್ ಆಗುತ್ತದೆ, ಪೇಮೆಂಟ್ ಲೇಟಾಗಿದೆ, ಪೇಮೆಂಟ್ ನಿಂತಿದೆ. ಎಲ್ಲ ಮಳೆಯ ಹಾಗೆ. ತಾನೇ ಬರುತ್ತದೆ, ತಾನೇ ಹೋಗುತ್ತದೆ.

ಕನ್ನಡದಲ್ಲಿ ಈ ಆಟ ನಡೆಯಲ್ಲ. 'ಕೊಡ್ತೀನಿ' ಅಂದರೆ ಆಸಾಮಿ ಸಿಕ್ಕಿಬಿದ್ದ. ನಮ್ಮ ಕ್ರಿಯಾಪದದ ಬಾಲದಲ್ಲೇ 'ನಾನು' ಕೂತಿರುತ್ತದೆ. 'ಕೊಡ್ತಾನೆ' ಅಂದರೆ ಅವನು, 'ಕೊಡ್ತಾಳೆ' ಅಂದರೆ ಅವಳು. ಬಾಲ ಹಿಡಿದು ಎಳೆದರೆ ಆಳೇ ಹೊರಗೆ ಬರುತ್ತಾನೆ. ಬಿಲ್ಡರ್ ಜೊತೆ ಕನ್ನಡದಲ್ಲಿ ಅಗ್ರಿಮೆಂಟ್ ಮಾಡಿಕೊಳ್ಳಬೇಕಿತ್ತು. ಆದರೆ ಕನ್ನಡದಲ್ಲೂ ನಾವು ಅದನ್ನು ಅಗ್ರಿಮೆಂಟು ಅಂತಲೇ ಅನ್ನುತ್ತೇವೆ, ಕೊನೆಗೆ ಒಂದು 'ಉ' ಸೇರಿಸಿ. ಹಳೆಗನ್ನಡದ ಕವಿಗಳು ಪ್ರಾಸವನ್ನು ಪ್ರತಿ ಸಾಲಿನ ಎರಡನೇ ಅಕ್ಷರದಲ್ಲೇ ಹಿಡಿದು ಬಿಗಿ ಮಾಡಿಬಿಡುತ್ತಿದ್ದರು. ನಮಗೆ ಪ್ರಾಸ ಕಂಡದ್ದು ಸಹಿ ಹಾಕಿದ ಮೇಲೆ.

ಸಹಿ ಹಾಕದವರೂ ಇದ್ದರು. ಏನು ಪ್ರಯೋಜನ? ಮೊದಲು ಸೊಸೈಟಿಯ ಶೇಕಡಾ 75 ಸದಸ್ಯರ ಒಪ್ಪಿಗೆ ಬೇಕಿತ್ತು, 2019ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು 51ಕ್ಕೆ ಇಳಿಸಿತು. ಆಮೇಲೆ ಮಹಾನಗರಪಾಲಿಕೆಯ ಕಾಗದ. ಮುಂಬಯಿಯಲ್ಲಿ ಕಟ್ಟಡ ಕಟ್ಟಲು ಸಿಗುವ ಮೊದಲ ದೊಡ್ಡ ಪರವಾನಗಿಯ ಹೆಸರು ಐಒಡಿ. ಬಿಡಿಸಿ ಹೇಳಿದರೆ 'ಇಂಟಿಮೇಶನ್ ಆಫ್ ಡಿಸಪ್ರೂವಲ್', ಅಂದರೆ ಒಪ್ಪಿಗೆ ಇಲ್ಲ ಅಂತ ತಿಳಿಸುವ ಪತ್ರ. ಬೇಕಾದ ಶರತ್ತುಗಳನ್ನೆಲ್ಲ ಪಟ್ಟಿ ಮಾಡಿ, ಇವು ಪೂರೈಸುವವರೆಗೆ ಒಪ್ಪಿಗೆ ಇಲ್ಲ ಅನ್ನುವ ಕ್ರಮ, 1888ರ ಕಾಯ್ದೆಯದ್ದು. ನಮ್ಮ ಸೊಸೈಟಿಗೆ ಅದು ಬಂದ ದಿನ ಪೇಢೆ ಹಂಚಿದರು. ಒಪ್ಪಿಗೆ ಇಲ್ಲ ಅನ್ನುವ ಕಾಗದಕ್ಕೆ ಪೇಢೆ ತಿಂದ ಜನ ನಾವು.

ಈಗ ನಾನಿರುವುದು ಡೊಂಬಿವಿಲಿಯಲ್ಲಿ. ಬಾಡಿಗೆ ಮನೆ, 11 ತಿಂಗಳ ಲೀವ್ ಆಂಡ್ ಲೈಸೆನ್ಸ್ ಅಗ್ರಿಮೆಂಟ್. ಹೊಸ ಮನೆ ಸಿಗುವವರೆಗೆ ಬಿಲ್ಡರ್ ಕೊಡಬೇಕಾದ ಬಾಡಿಗೆ ಮೊದಲು ತಿಂಗಳಿಗೊಮ್ಮೆ ಬರುತ್ತಿತ್ತು. ಆಮೇಲೆ ಇನ್‌ಸ್ಟಾಲ್‌ಮೆಂಟ್ ಆಯ್ತು. ಆಮೇಲೆ ಸೆಟಲ್‌ಮೆಂಟ್ ಮಾತು ಬಂತು. ಆಮೇಲೆ ಅವನ ಆಫೀಸಿಗೆ ಹೋಗಲು ಅಪಾಯಿಂಟ್‌ಮೆಂಟ್ ಬೇಕಾಯ್ತು. ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಒಬ್ಬರ ಸ್ಟೇಟ್‌ಮೆಂಟ್, ಮಧ್ಯಾಹ್ನ ಹತ್ತು ಕಾಮೆಂಟ್, ರಾತ್ರಿ ಆರ್ಗ್ಯುಮೆಂಟ್. ಬೆಳಗಾದರೆ ಸೆಕ್ರೆಟರಿಯ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ಅದೊಂದು ಮಾತ್ರ ಟೈಮಿಗೆ ಸರಿಯಾಗಿ ಬರುತ್ತದೆ.

ಹೋದ ಭಾನುವಾರ ಅಜ್ಜಿಗೆ ಜಾಗ ನೋಡುವ ಆಸೆಯಾಯ್ತು. ಕರೆದುಕೊಂಡು ಹೋದೆ. ತಗಡಿನ ಬೇಲಿಯ ಸಂದಿಯಿಂದ ಇಣುಕಿದರೆ ದೊಡ್ಡ ಗುಂಡಿ, ತುಂಬ ಹಸಿರು ನೀರು, ಕಪ್ಪೆಗಳ ಕಛೇರಿ.

"ಇದೆಂತ ಮಾರಾಯ, ಕೆರೆ?"

"ಬೇಸ್‌ಮೆಂಟ್ ಅಜ್ಜಿ."

ವಾಚ್‌ಮನ್ ಪಾಪ ಒಳಗೆ ಬಿಟ್ಟ. ಅವನ ಗೂಡಿನ ಪಕ್ಕ ಎರಡು ಮೂಟೆ ಸಿಮೆಂಟ್ ಇತ್ತು. ಯಾವುದೋ ಮಳೆಗಾಲದಲ್ಲಿ ತೇವ ಹೀರಿ, ಚೀಲದ ಮಡಿಕೆಗಳ ಸಮೇತ ಕಲ್ಲಾಗಿತ್ತು. ಸಿಮೆಂಟ್ ಅನ್ನುವ ಪದದ ಹಳೇ ಲ್ಯಾಟಿನ್ ಅರ್ಥವೂ ಒರಟು ಕಲ್ಲಿನ ಚೂರು ಅಂತಲೇ. ಹೇಳೋಣ ಅಂದುಕೊಂಡೆ, ಸುಮ್ನಾದೆ. ವಾಚ್‌ಮನ್ ಮೇಲೊಂದು ಗೋಣಿತಾಟು ಹಾಸಿ ಅಜ್ಜಿಗೆ ಕೂರಲು ಹೇಳಿದ. ಅಜ್ಜಿ ಕೂತರು, ಅಂಗೈಯಿಂದ ಒಮ್ಮೆ ಒತ್ತಿ ನೋಡಿದರು.

"ಇದು ಗಟ್ಟಿ ಉಂಟು," ಅಂದರು.